ಬೆಳೆಯುವ ನಗರವೂ ಬೀದಿಗಳ ಕೂಡಿಕೆಯೂ

ಒಂದು ಊರು ದೊಡ್ಡದಾಯಿತೆಂದು ಹೇಳುವಾಗ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಗಮನದಲ್ಲಿಟ್ಟುಕೊಂಡಿರುತ್ತೇವೆ. ಅಲ್ಲಿ ವಾಸಿಸುವ ಜನರ ಸಂಖ್ಯೆ ಒಂದು. ಅದು ಆಕ್ರಮಿಸಿಕೊಂಡಿರುವ ಭೂಮಿಯ ವಿಸ್ತೀರ್ಣ ಮತ್ತೊಂದು. ಜನಗಣತಿಯವರು ಮೊದಲನೆಯದನ್ನೂ ಮೋಜಣಿಯವರು ಎರಡನೆಯದನ್ನೂ ಲೆಕ್ಕಹಾಕಿ ಕೊಡುತ್ತಾರೆ. ಆದರೆ ಆ ಊರಿನಲ್ಲಿ ಬಾಳುವವರ ನಿತ್ಯದ ಸುಖದುಃಖಗಳಿಗೆ ಇವೆರಡಕ್ಕಿಂತಲೂ ಹತ್ತಿರವಾದ ಮೂರನೆಯ ಸಂಗತಿಯೊಂದುಂಟು. ಅದು ಬೀದಿಗಳು ಒಂದನ್ನೊಂದು ಕೂಡುವ ಬಗೆ. ಮನೆಯಿಂದ ಹೊರಟವರು ಅಂಗಡಿಯನ್ನಾಗಲಿ, ಶಾಲೆಯನ್ನಾಗಲಿ, ಆಸ್ಪತ್ರೆಯನ್ನಾಗಲಿ ಎಷ್ಟು ಹೊತ್ತಿನಲ್ಲಿ ಸೇರುವರೆಂಬುದು ಊರಿನ ಅಗಲವನ್ನು ಮಾತ್ರ ಅವಲಂಬಿಸಿಲ್ಲ. ನಡುವಣ ಬೀದಿಗಳು ಅವರನ್ನು ಹಾಯಲು ಬಿಡುತ್ತವೆಯೋ ಅಥವಾ ಸುತ್ತಿಸುತ್ತವೆಯೋ ಎಂಬುದನ್ನೂ ಅವಲಂಬಿಸಿದೆ. ನಗರಗಳು ಬೆಳೆದಂತೆಲ್ಲ ಈ ಕೂಡಿಕೆಯು ಹೇಗೆ ಮಾರ್ಪಡುತ್ತ ಬಂದಿದೆ, ಅದರಿಂದ ನಮಗೆ ಆಗುವ ಲಾಭನಷ್ಟಗಳೇನು ಎಂಬುದನ್ನು ಈ ಭಾಷಣದಲ್ಲಿ ತಕ್ಕಮಟ್ಟಿಗೆ ವಿಚಾರಮಾಡೋಣ.

ಬೀದಿಗಳ ರಚನೆಯಲ್ಲಿ ಮುಖ್ಯವಾಗಿ ಎರಡು ಮಾದರಿಗಳನ್ನು ಕಾಣಬಹುದು. ಒಂದು ಬಲೆಯ ಮಾದರಿ, ಇನ್ನೊಂದು ಮರದ ಮಾದರಿ. ಬಲೆಯಲ್ಲಿ ಪ್ರತಿಯೊಂದು ದಾರವೂ ಮತ್ತೊಂದು ದಾರವನ್ನು ದಾಟಿ ಗಂಟಾಗಿ ಮುಂದಕ್ಕೆ ಹೋಗುತ್ತದೆ. ಒಂದು ಕಡೆ ಹರಿದರೂ ಪಕ್ಕದ ದಾರವು ಭಾರವನ್ನು ಹೊರುತ್ತದೆ. ಮರದಲ್ಲಾದರೋ ಎಲೆಯಿಂದ ಕಡ್ಡಿಗೆ, ಕಡ್ಡಿಯಿಂದ ಕೊಂಬೆಗೆ, ಕೊಂಬೆಯಿಂದ ಬುಡಕ್ಕೆ ಒಂದೇ ದಾರಿ. ಎದುರುಬದುರಾಗಿರುವ ಎರಡು ಕೊಂಬೆಗಳ ಎಲೆಗಳು ಗಾಳಿಗೆ ಒಂದನ್ನೊಂದು ಸೋಕುವಷ್ಟು ಹತ್ತಿರವಿದ್ದರೂ, ಇರುವೆಯು ಒಂದರಿಂದ ಮತ್ತೊಂದಕ್ಕೆ ಹೋಗಬೇಕಾದರೆ ಬುಡದವರೆಗೆ ಇಳಿದು ಮತ್ತೆ ಹತ್ತಬೇಕು. ಬೀದಿಗಳು ಬಲೆಯಂತಿರುವ ಊರಿನಲ್ಲಿ ನಾವು ನಡೆಯುತ್ತೇವೆ. ಮರದಂತಿರುವ ಊರಿನಲ್ಲಿ ಆ ಇರುವೆಯ ಪಾಡು ನಮ್ಮದಾಗುತ್ತದೆ.

ಈ ವಿಚಾರವನ್ನು ಲೆಕ್ಕಕ್ಕೆ ಒಳಪಡಿಸುವ ಮಾರ್ಗವೂ ಉಂಟು. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞನು, ಕೋನಿಗ್ಸ್‌ಬರ್ಗ್ ಪಟ್ಟಣದ ಏಳು ಸೇತುವೆಗಳನ್ನೂ ಒಂದೊಂದೇ ಸಾರಿ ದಾಟಿ ಬರುವುದು ಸಾಧ್ಯವೇ ಎಂಬ ಒಗಟನ್ನು ತೆಗೆದುಕೊಂಡು, ಊರಿನ ನಕ್ಷೆಯನ್ನು ಬರಿಯ ಬಿಂದುಗಳನ್ನಾಗಿಯೂ ಗೆರೆಗಳನ್ನಾಗಿಯೂ ಕಂಡು, ಅದು ಸಾಧ್ಯವಿಲ್ಲವೆಂದು ತೋರಿಸಿಕೊಟ್ಟನು. ಬಿಂದುವಿಗೆ ಎಷ್ಟು ಗೆರೆಗಳು ಬಂದು ಕೂಡುತ್ತವೆಂಬುದೇ ಅವನ ವಾದದ ತಿರುಳು. ಇಂದಿಗೂ ಬೀದಿಗಳ ಪರೀಕ್ಷೆಗೆ ಇದೇ ಒರೆಗಲ್ಲು. ನಾಲ್ಕು ದಾರಿಗಳು ಕೂಡುವ ಚೌಕಕ್ಕೆ ನಾಲ್ಕು, ಮೂರು ದಾರಿಗಳು ಕೂಡುವ ಕಡೆಗೆ ಮೂರು, ಮುಂದೆ ದಾರಿಯಿಲ್ಲದೆ ನಿಂತುಹೋಗುವ ಬೀದಿಯ ತುದಿಗೆ ಒಂದು ಎಂದು ಎಣಿಸಿ ಸರಾಸರಿ ತೆಗೆದರೆ, ಆ ಬಡಾವಣೆಯು ಬಲೆಗೆ ಹತ್ತಿರವೋ ಮರಕ್ಕೆ ಹತ್ತಿರವೋ ಎಂಬುದು ತಿಳಿಯುತ್ತದೆ. ನೂರು ನೂರು ಮೀಟರಿಗೆ ಒಂದು ಅಡ್ಡರಸ್ತೆಯಿರುವ ಚೌಕುಳಿ ಬಡಾವಣೆಯಲ್ಲಿ ಪೂರ್ವಕ್ಕೆ ಐದು ಚೌಕ, ಉತ್ತರಕ್ಕೆ ಐದು ಚೌಕ ಹೋಗಬೇಕಾಗಿದೆಯೆಂದು ಇಟ್ಟುಕೊಳ್ಳೋಣ. ಎಲ್ಲಿ ತಿರುಗಿದರೂ ಒಂದು ಸಾವಿರ ಮೀಟರಿನಷ್ಟೇ ನಡಿಗೆಯಾಗುವ 252 ಬೇರೆ ಬೇರೆ ದಾರಿಗಳು ಅಲ್ಲಿ ದೊರೆಯುತ್ತವೆ. ಒಂದು ಬೀದಿಯಲ್ಲಿ ತೇರು ನಿಂತಿದ್ದರೆ, ಇನ್ನೊಂದರಲ್ಲಿ ಚರಂಡಿಗಾಗಿ ಅಗೆದಿದ್ದರೆ, ಮತ್ತೊಂದರಲ್ಲಿ ಹೋದರಾಯಿತು. ಮರದ ಮಾದರಿಯ ಬಡಾವಣೆಯಲ್ಲಿ ದಾರಿ ಒಂದೇ ಒಂದು.

ಸಾಮಾನ್ಯ ಮಾತು ಇಷ್ಟು ಸಾಕು. ನಮಗೆ ಪರಿಚಿತವಾದ ನಗರವೊಂದರ ಚರಿತ್ರೆಯಲ್ಲಿ ಇದು ನಡೆದುಬಂದಿರುವ ಕ್ರಮವನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುತ್ತದೆ. ಇದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಉದಾಹರಣೆಯು ಕನ್ನಡನಾಡಿನಲ್ಲಿ ಸಿಕ್ಕಲಾರದು.

ಕೆಂಪೇಗೌಡನು 1537ರಲ್ಲಿ ಸ್ಥಾಪಿಸಿದನೆಂದು ಪ್ರಸಿದ್ಧವಾಗಿರುವ ಪೇಟೆಯು ಎರಡು ಬೀದಿಗಳ ಮೇಲೆ ನಿಂತಿತು. ಉತ್ತರದ ಯಲಹಂಕ ಬಾಗಿಲಿನಿಂದ ಕೋಟೆಯ ಕಡೆಗೆ ಇಳಿದುಬರುವ ದೊಡ್ಡಪೇಟೆ ಒಂದು. ಪೂರ್ವದ ಹಲಸೂರು ಬಾಗಿಲಿನಿಂದ ಪಶ್ಚಿಮದ ಸೊಂಡೆಕೊಪ್ಪದ ಬಾಗಿಲಿಗೆ ಹೋಗುವ ಚಿಕ್ಕಪೇಟೆ ಮತ್ತೊಂದು. ನಾಲ್ಕು ಜೊತೆ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿ ಈ ಬೀದಿಗಳ ಗೆರೆಯನ್ನು ಎಳೆದರೆಂದು ಐತಿಹ್ಯವಿದೆ. ಕಥೆಯು ನಿಜವೋ ಅಲ್ಲವೋ, ಅದರೊಳಗಿನ ನೀತಿಯು ಮಾತ್ರ ಗಮನಿಸತಕ್ಕದ್ದು: ಮನೆ ಕಟ್ಟುವುದಕ್ಕೆ ಮೊದಲು ಬೀದಿಯನ್ನು ಎಳೆದರು. ಈ ಎರಡು ರಾಜಬೀದಿಗಳ ಬದಿಗೆ ಅರಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಮೊದಲಾದುವು ಬೆಳೆದುವು. ಅವುಗಳ ಓಣಿಗಳು ಇಕ್ಕಟ್ಟಾಗಿಯೂ ಡೊಂಕಾಗಿಯೂ ಇದ್ದುವು. ಕೆಲವು ಸಂದಿಗಳು ಯಾರದೋ ಹಿತ್ತಿಲಿನಲ್ಲಿ ಮುಗಿದುಹೋಗುತ್ತಿದ್ದುದೂ ಉಂಟು. ಆದರೂ ಬಹುಮಟ್ಟಿಗೆ ಓಣಿಯು ಓಣಿಯನ್ನು ಕೂಡಿ ಬೀದಿಗೆ ಬರುತ್ತಿತ್ತು, ಬೀದಿಯು ಬೀದಿಯನ್ನು ಕೂಡಿ ಚೌಕಕ್ಕೆ ಬರುತ್ತಿತ್ತು. ಹೇರಿನ ಎತ್ತು, ತಲೆಹೊರೆಯ ಕೂಲಿ, ನೀರಿನ ಕೊಡ ಹೊತ್ತ ಹೆಂಗಸು, ಇವರು ನಡೆಯುವುದಕ್ಕೆ ತಕ್ಕಂತೆ ಆ ಊರನ್ನು ನೆಯ್ದಿದ್ದರು.

1809ರಲ್ಲಿ ಶ್ರೀರಂಗಪಟ್ಟಣದ ಇಂಗ್ಲಿಷ್ ಸೈನ್ಯವು ಇಲ್ಲಿಗೆ ಬಂದು ನೆಲೆಸಿದಾಗ ಪೇಟೆಯ ಪೂರ್ವಕ್ಕೆ ದಂಡು ಹುಟ್ಟಿತು. ಕವಾಯತಿನ ಬಯಲು, ಅಗಲವಾದ ರಸ್ತೆಗಳು, ದೊಡ್ಡ ಆವರಣಗಳ ನಡುವೆ ಬಂಗಲೆಗಳು, ಇವು ದಂಡಿನ ಲಕ್ಷಣ. ಹೀಗೆ ಒಂದೇ ಹೆಸರಿನ ಎರಡು ಊರುಗಳಾದುವು. ಇವೆರಡರ ನಡುವೆ ಬಯಲೂ, 1870ರ ಬಳಿಕ ಕಬ್ಬನ್ ಉದ್ಯಾನವೂ ಹರಡಿಕೊಂಡಿದ್ದುವು. 1949ರಲ್ಲಿ ಒಂದೇ ಪೌರಾಡಳಿತಕ್ಕೆ ಸೇರುವವರೆಗೂ ಆಡಳಿತದಲ್ಲಿ ಅವು ಬೇರೆ ಬೇರೆಯಾಗಿಯೇ ಇದ್ದುವು. ಎರಡು ಆಡಳಿತಗಳ ಬೀದಿಗಳು ಒಂದರ ಕಡೆಗೊಂದು ಮುಖಮಾಡಿ ಬೆಳೆಯುವುದು ಅಪರೂಪವೆಂಬುದಕ್ಕೆ ಇದು ಮೊದಲನೆಯ ಪಾಠ. ಮುಂದೆ ಇದೇ ಪಾಠವನ್ನು ನೂರು ಕಡೆ ಮತ್ತೆ ಓದಬೇಕಾಯಿತು.

ಮೂರನೆಯ ಘಟ್ಟವು ಹತ್ತೊಂಬತ್ತನೆಯ ಶತಮಾನದ ಕೊನೆಯದು. 1892ರಲ್ಲಿ ಚಾಮರಾಜಪೇಟೆ, ಆ ದಶಕದಲ್ಲಿಯೇ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡುವು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಿನಲ್ಲಿ ಹಬ್ಬಿದಾಗ, ಗಾಳಿ ಬೆಳಕುಗಳುಳ್ಳ ಈ ಬಡಾವಣೆಗಳಿಗೆ ಜನರು ಸಾಗಿದರು. ಬೀದಿಗಳು ಕೂಡಿಕೊಂಡಿದ್ದ ಮಾತ್ರಕ್ಕೆ ಊರು ಆರೋಗ್ಯವಾಗಿರುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕಾದದ್ದು ನ್ಯಾಯ. ಆ ಕಾಲದ ಎಂಜಿನಿಯರುಗಳು ಪೇಟೆಯ ಒಳ್ಳೆಯ ಗುಣವನ್ನು ಬಿಡದೆ ಅದರ ದೋಷವನ್ನು ಮಾತ್ರ ಕಳೆದರು. ಉದ್ದಕ್ಕೆ ಮುಖ್ಯರಸ್ತೆಗಳು, ಅಡ್ಡಕ್ಕೆ ಅಡ್ಡರಸ್ತೆಗಳು, ಮನೆಗಳ ಹಿಂದೆ ಜಾಡಮಾಲಿಗಳು ಬಂದುಹೋಗುವ ಹಿಂದೋಣಿಗಳು, ಹೀಗೆ ಲೆಕ್ಕವಾಗಿ ಹಾಕಿದರು. ಮೊದಲನೆಯ ಮುಖ್ಯರಸ್ತೆ, ಎಂಟನೆಯ ಅಡ್ಡರಸ್ತೆ ಎಂದು ಅಂಕಿಗಳಿಂದಲೇ ಕರೆದರು. ಹೊಸಬನೊಬ್ಬನು ಯಾರನ್ನೂ ಕೇಳದೆ ಅಂಕಿಗಳನ್ನು ಎಣಿಸಿಕೊಂಡು ಮನೆ ಸೇರಬಹುದಾಗಿತ್ತು. ಮೈಸೂರು ನಗರದಲ್ಲಿ 1903ರಲ್ಲಿಯೂ, ಬೆಂಗಳೂರಿನಲ್ಲಿ 1945ರಲ್ಲಿಯೂ ನಗರಾಭಿವೃದ್ಧಿ ಟ್ರಸ್ಟ್ ಮಂಡಲಿಗಳು ಏರ್ಪಟ್ಟು ಈ ಪದ್ಧತಿಯನ್ನು ಮುಂದುವರಿಸಿದುವು. 1948ರಲ್ಲಿ ಆರಂಭವಾದ ಜಯನಗರದಲ್ಲಿಯೂ ಮುಖ್ಯರಸ್ತೆ ಅಡ್ಡರಸ್ತೆಗಳ ಬಲೆಯನ್ನೇ ಹಾಸಿದರು.

ನಾಲ್ಕನೆಯ ಘಟ್ಟದಲ್ಲಿ ಬಲೆಯು ಹರಿಯಿತು. 1901ರಲ್ಲಿ ಪೇಟೆ ದಂಡುಗಳೆರಡೂ ಸೇರಿ ಸುಮಾರು 1 ಲಕ್ಷ 59 ಸಾವಿರವಿದ್ದ ಜನಸಂಖ್ಯೆಯು 1941ರಲ್ಲಿ 4 ಲಕ್ಷವನ್ನು ದಾಟಿ, 1951ರಲ್ಲಿ ಸುಮಾರು 7 ಲಕ್ಷ 80 ಸಾವಿರವಾಗಿ, 2011ರ ಗಣತಿಯಲ್ಲಿ ಸುಮಾರು 85 ಲಕ್ಷಕ್ಕೆ ಏರಿತು. ಅಷ್ಟು ಜನಕ್ಕೆ ಬೇಕಾದ ನಿವೇಶನಗಳನ್ನು ಟ್ರಸ್ಟ್ ಮಂಡಲಿಯಾಗಲಿ, 1976ರಲ್ಲಿ ಅದರ ಸ್ಥಾನಕ್ಕೆ ಬಂದ ಅಭಿವೃದ್ಧಿ ಪ್ರಾಧಿಕಾರವಾಗಲಿ ಒದಗಿಸಲಾರದೆ ಹೋದುವು. ಒದಗದೆ ಇದ್ದುದನ್ನು ಜನರು ತಾವೇ ಹುಡುಕಿಕೊಂಡರು. ಊರಂಚಿನ ರೈತನ ಎರಡು ಎಕರೆ, ನಾಲ್ಕು ಎಕರೆ ಹೊಲವನ್ನು ಒಬ್ಬನು ಕೊಂಡು, ನಡುವೆ ಒಂದು ದಾರಿಯನ್ನು ಬಿಟ್ಟು, ಎರಡು ಕಡೆಗೂ ನಿವೇಶನಗಳನ್ನು ಅಳೆದು ಮಾರಿದನು. ಪಕ್ಕದ ಸರ್ವೆ ನಂಬರನ್ನು ಮತ್ತೊಬ್ಬನು ಕೊಂಡು ಹಾಗೆಯೇ ಮಾಡಿದನು. ಮೊದಲನೆಯವನ ದಾರಿಯು ಹೊಲದ ಬದುವಿನವರೆಗೆ ಬಂದು ನಿಂತಿತು. ಎರಡನೆಯವನ ದಾರಿಯು ಇತ್ತ ಕಡೆಯಿಂದ ಅದೇ ಬದುವಿನವರೆಗೆ ಬಂದು ನಿಂತಿತು. ಅದೂ ಹತ್ತು ಮಾರು ಪಕ್ಕಕ್ಕೆ. ಎರಡರ ನಡುವೆ ಬದುವಿದ್ದ ಕಡೆ ಗೋಡೆ ಎದ್ದಿತು. ಎರಡೂ ದಾರಿಗಳು ಬಾಯಿ ತೆರೆದದ್ದು ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ ಹಳೆಯ ಗಾಡಿದಾರಿಗೆ ಮಾತ್ರ.

ಹೀಗೆ ಅಂದು ಉತ್ತ ಹೊಲದ ಬದುಗಳು ಇಂದು ನಗರದ ಗಡಿಗೋಡೆಗಳಾಗಿವೆ. ಹಗಲು ಹತ್ತಾರು ಗಾಡಿಗಳು ಓಡಾಡುತ್ತಿದ್ದ ಸರ್ಜಾಪುರದ ದಾರಿ, ವರ್ತೂರಿನ ದಾರಿ, ಇವುಗಳ ಮೇಲೆ ಸಾವಿರಾರು ಮನೆಗಳ ಮತ್ತು ದೊಡ್ಡ ದೊಡ್ಡ ಕಚೇರಿಗಳ ಸಂಚಾರವೆಲ್ಲ ಬಂದು ಬಿದ್ದಿದೆ. ಇದರ ಜೊತೆಗೆ ಕೆರೆಗಳು, ರಾಜಕಾಲುವೆಗಳು, ರೈಲುಹಳಿಗಳು, ಸೈನ್ಯದ ನೆಲಗಳು, ಕಾರ್ಖಾನೆಗಳ ವಿಶಾಲವಾದ ಆವರಣಗಳು ದಾರಿಯನ್ನು ಕಡಿಯುವುದುಂಟು. ಇತ್ತೀಚಿನ ದಶಕಗಳಲ್ಲಿ ಎತ್ತರವಾದ ಗೋಡೆಯನ್ನು ಹಾಕಿ, ಒಂದೇ ಬಾಗಿಲನ್ನಿಟ್ಟು, ಕಾವಲುಗಾರನನ್ನು ಕೂರಿಸಿದ ವಸತಿ ಸಮುಚ್ಚಯಗಳು ಬಂದಿವೆ. 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. 2025ರಲ್ಲಿ ಅದನ್ನು ಐದು ಪಾಲಿಕೆಗಳನ್ನಾಗಿ ವಿಂಗಡಿಸಿದರು. ಆಡಳಿತದ ಗೆರೆಗಳನ್ನು ಕಾಗದದ ಮೇಲೆ ಕೂಡಿಸಬಹುದು, ಮತ್ತೆ ಬಿಡಿಸಬಹುದು. ನೆಲದ ಮೇಲೆ ನಿಂತ ಗೋಡೆಗಳು ಯಾವ ಆಜ್ಞೆಗೂ ಕರಗುವುದಿಲ್ಲ.

ಇದು ಬೆಂಗಳೂರೊಂದರ ಅಥವಾ ನಮ್ಮ ದೇಶವೊಂದರ ಕಥೆಯಾಗಿದ್ದರೆ ನಮ್ಮ ಜನರ ಅಶಿಸ್ತೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಬಹಳ ಶಿಸ್ತಿನಿಂದ, ಬಹಳ ಸದುದ್ದೇಶದಿಂದ ಬೀದಿಗಳನ್ನು ಮುಚ್ಚಿದ ದೇಶವೂ ಉಂಟು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 1811ರಲ್ಲಿಯೇ, ಜನವಸತಿಯು ದ್ವೀಪದ ದಕ್ಷಿಣದ ತುದಿಯಲ್ಲಿ ಮಾತ್ರ ಇದ್ದಾಗಲೇ, 155ನೆಯ ಅಡ್ಡಬೀದಿಯವರೆಗೆ ಚೌಕುಳಿ ನಕ್ಷೆಯನ್ನು ಹಾಕಿಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ಗಾಡಿಗಳು ಹೆಚ್ಚಿ, ಬೀದಿಯಲ್ಲಿ ಆಡುವ ಮಕ್ಕಳಿಗೆ ಅಪಾಯವೊದಗಿದಾಗ ಅಲ್ಲಿಯ ವಿಚಾರವಂತರು ಬೇರೊಂದು ಮಾರ್ಗವನ್ನು ಹುಡುಕಿದರು. ಕ್ಲಾರೆನ್ಸ್ ಸ್ಟೈನ್, ಹೆನ್ರಿ ರೈಟ್ ಎಂಬ ಇಬ್ಬರು ಶಿಲ್ಪಿಗಳು 1929ರಲ್ಲಿ ನ್ಯೂಜೆರ್ಸಿ ಪ್ರಾಂತ್ಯದ ರ್‍ಯಾಡ್‌ಬರ್ನ್ ಎಂಬಲ್ಲಿ ಒಂದೇ ಬಾಯಿಯ ಬೀದಿಗಳ ಬಡಾವಣೆಯನ್ನು ರಚಿಸಿದರು. ಬೀದಿಯು ಒಳಗೆ ಬಂದು ಅಲ್ಲಿಯೇ ಮುಗಿಯುತ್ತಿದ್ದುದರಿಂದ ಆ ಬೀದಿಯ ಮನೆಗಳವರ ಗಾಡಿಗಳನ್ನು ಬಿಟ್ಟು ಬೇರೆ ಗಾಡಿಯು ಬರುವ ಕಾರಣವಿರಲಿಲ್ಲ. ಆದರೆ ಅವರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಮನೆಗಳ ಹಿಂದೆ ಉದ್ಯಾನಗಳನ್ನು ಬಿಟ್ಟು, ಅವುಗಳ ಮೂಲಕ ಕಾಲುದಾರಿಗಳನ್ನು ಹಾಯಿಸಿ, ಗಾಡಿಯ ರಸ್ತೆ ಅಡ್ಡ ಬಂದ ಕಡೆ ಅದರ ಅಡಿಯಲ್ಲಿಯೇ ದಾಟುವಂತೆ ಮಾಡಿದ್ದರು. ಗಾಡಿಗೆ ಮರದ ಮಾದರಿ, ಕಾಲಿಗೆ ಬಲೆಯ ಮಾದರಿ.

ಅನುಕರಣೆ ಮಾಡಿದವರು ಇದರಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಂಡರು. ಮುಚ್ಚಿದ ಬೀದಿಯು ಉಳಿಯಿತು, ಕಾಲುದಾರಿಯು ಬಿಟ್ಟುಹೋಯಿತು. 1934ರಲ್ಲಿ ಸ್ಥಾಪಿತವಾದ ಅಮೆರಿಕದ ಗೃಹಸಾಲದ ಸರ್ಕಾರೀ ಸಂಸ್ಥೆಯು ಚೌಕುಳಿ ಬೀದಿಗಳಿಗಿಂತ ಇಂತಹ ಬೀದಿಗಳೇ ಮೇಲೆಂದು ಸಲಹೆ ಕೊಟ್ಟಿತು. ಸಾಲಕ್ಕೆ ಜಾಮೀನು ಬೇಕಾದವರು ಸಲಹೆಯನ್ನು ಆಜ್ಞೆಯೆಂದೇ ತಿಳಿದರು. ಅರ್ಧ ಶತಮಾನಕ್ಕೂ ಮಿಕ್ಕಿ ಅಮೆರಿಕದ ಹೊಸ ಬಡಾವಣೆಗಳೆಲ್ಲ ಬಹುತೇಕ ಇದೇ ಮಾದರಿಯಲ್ಲಿ ಬೆಳೆದುವು. ಬ್ಯಾರಿಂಗ್ಟನ್-ಲೀ ಮತ್ತು ಮಿಲರ್ಡ್-ಬಾಲ್ ಎಂಬ ಇಬ್ಬರು ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಲ್ಲಿ ಬೀದಿಗಳ ಬಿಡಿಬಿಡಿತನವು 1994ರ ಸುಮಾರಿಗೆ ಶಿಖರವನ್ನು ಮುಟ್ಟಿ, ಅಲ್ಲಿಂದೀಚೆಗೆ ಇಳಿಮುಖವಾಗಿದೆ. ರೋಗವನ್ನು ಕಂಡುಹಿಡಿದವರು ಔಷಧವನ್ನು ತೆಗೆದುಕೊಳ್ಳಲು ಆರಂಭಿಸಿದರೆಂದು ಹೇಳಬಹುದು.

ಆದರೆ ಅದೇ ವಿದ್ವಾಂಸರು 2020ರಲ್ಲಿ ಇಡೀ ಪ್ರಪಂಚದ ಬೀದಿಗಳನ್ನು ಎಣಿಸಿ ಪ್ರಕಟಿಸಿದ ಫಲಿತಾಂಶವು ಅಷ್ಟು ಸಮಾಧಾನಕರವಾಗಿಲ್ಲ. ಹೆಚ್ಚು ಜನಸಂಖ್ಯೆಯುಳ್ಳ 134 ದೇಶಗಳನ್ನು ತೆಗೆದುಕೊಂಡರೆ, ಅವುಗಳಲ್ಲಿ ನೂರಕ್ಕೆ 90ರಷ್ಟು ದೇಶಗಳ ಹೊಸ ಬಡಾವಣೆಗಳಲ್ಲಿ 1975ರಿಂದ ಬೀದಿಗಳ ಕೂಡಿಕೆಯು ಕಡಮೆಯಾಗುತ್ತ ಬಂದಿದೆ. 2000ದಿಂದೀಚೆಗೆ ಸುಧಾರಣೆಯ ಕಡೆಗೆ ತಿರುಗಿರುವ ದೇಶಗಳು ನೂರಕ್ಕೆ 29 ಮಾತ್ರ. ಅವರು ಕಂಡ ಇನ್ನೊಂದು ಸಂಗತಿಯು ಇದಕ್ಕಿಂತಲೂ ಗಂಭೀರವಾದದ್ದು. ಮೊದಲು ಬೀದಿಗಳು ಕೂಡದೆ ಇದ್ದ ನಗರಗಳಲ್ಲಿ ಮುಂದೆ ಹಾಕಿದ ಬೀದಿಗಳೂ ಕೂಡದೆಯೇ ಉಳಿದಿವೆ. ಹಾಸು ಕೆಟ್ಟ ಬಟ್ಟೆಗೆ ಹೊಕ್ಕು ಸರಿಯಾಗದು.

ಇದಕ್ಕೆ ಕಾರಣವು ದೂರವಿಲ್ಲ. ನಗರದ ಭಾಗಗಳಲ್ಲೆಲ್ಲ ಅತ್ಯಂತ ಹೆಚ್ಚು ಕಾಲ ಬಾಳುವುದು ಬೀದಿ. ಮನೆಯನ್ನು ಕೆಡವಿ ಕಟ್ಟುತ್ತೇವೆ, ಅಂಗಡಿಯು ಕೈಬದಲಾಗುತ್ತದೆ, ಅರಮನೆಯು ಕಚೇರಿಯಾಗುತ್ತದೆ. ಬೀದಿಯ ಗೆರೆಯು ಮಾತ್ರ ಇದ್ದಲ್ಲೇ ಇರುತ್ತದೆ. 1666ರ ಬೆಂಕಿಯಲ್ಲಿ ಲಂಡನ್ ನಗರದ ಬಹುಭಾಗವು ಸುಟ್ಟು ಬೂದಿಯಾದಾಗ, ಕ್ರಿಸ್ಟಫರ್ ರೆನ್ ಎಂಬ ಮಹಾಶಿಲ್ಪಿಯು ಹೊಸ ಬೀದಿಗಳ ಭವ್ಯವಾದ ನಕ್ಷೆಯನ್ನು ಕೊಟ್ಟನು. ಆದರೆ ಒಬ್ಬೊಬ್ಬ ಒಡೆಯನೂ ತನ್ನ ತನ್ನ ನೆಲದ ಎಲ್ಲೆಯನ್ನು ಬಿಡಲೊಲ್ಲದೆ ಹೋದುದರಿಂದ, ಊರು ಬಹುಮಟ್ಟಿಗೆ ಹಳೆಯ ಬೀದಿಗಳ ಗೆರೆಯ ಮೇಲೆಯೇ ಮತ್ತೆ ಎದ್ದಿತು. ಬೆಂಕಿಗೂ ಅಳಿಸಲಾಗದ ಗೆರೆಯನ್ನು ಪಾಲಿಕೆಯ ಠರಾವು ಅಳಿಸೀತೇ? ನಮ್ಮ ದೊಡ್ಡಪೇಟೆಯ ಗೆರೆಯೂ ಹೆಸರನ್ನು ಬದಲಾಯಿಸಿಕೊಂಡಿತೇ ಹೊರತು ಸ್ಥಳವನ್ನು ಬದಲಾಯಿಸಲಿಲ್ಲ. ಆದಕಾರಣ ಹೊಲವು ನಿವೇಶನವಾಗುವ ಆ ಒಂದು ದಿನವೇ ಮುಖ್ಯವಾದದ್ದು. ಆ ದಿನ ನಕ್ಷೆಯ ಮೇಲೆ ಎಳೆದ ಗೆರೆಯಲ್ಲಿ ನಾಲ್ಕಾರು ತಲೆಮಾರುಗಳು ನಡೆಯಬೇಕಾಗುತ್ತದೆ.

ಕೂಡದ ಬೀದಿಯಿಂದಾಗುವ ನಷ್ಟವು ಯಾರ ಪಾಲಿಗೆ ಬರುತ್ತದೆಂಬುದನ್ನು ಈಗ ನೋಡೋಣ. ಗಾಡಿಯುಳ್ಳವರಿಗೆ ಎರಡು ಮೈಲಿ ಸುತ್ತೆಂದರೆ ಸ್ವಲ್ಪ ಪೆಟ್ರೋಲು, ಸ್ವಲ್ಪ ಹೊತ್ತು, ಸ್ವಲ್ಪ ಸಿಡುಕು. ಕಾಲುಳ್ಳವರಿಗೆ ಅದು ಅರ್ಧ ದಿನದ ದುಡಿಮೆ. ಐದು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವನು, ಚೀಲ ಹೊತ್ತ ಶಾಲೆಯ ಮಗು, ಕೋಲೂರಿಕೊಂಡು ದೇವಸ್ಥಾನಕ್ಕೆ ಹೊರಟ ವೃದ್ಧರು, ಇವರೇ ಗೋಡೆಯ ಸುಂಕವನ್ನು ತೆರತಕ್ಕವರು. ಗೋಡೆಯ ಆಚೆಗೆ ಶಾಲೆಯ ಗಂಟೆ ಕೇಳಿಸುತ್ತದೆ. ಗೋಡೆಯನ್ನು ಬಳಸಿಕೊಂಡು ಹೋಗುವ ವೇಳೆಗೆ ಪಾಠ ಆರಂಭವಾಗಿರುತ್ತದೆ. ಸುತ್ತು ಹೆಚ್ಚಾದಾಗ ನಡೆಯುತ್ತಿದ್ದವರೂ ಸಾಲ ಮಾಡಿ ಗಾಡಿ ಕೊಳ್ಳುತ್ತಾರೆ. ಗಾಡಿಗಳು ಹೆಚ್ಚಿದಾಗ ಇರುವ ಒಂದೇ ಹೆದ್ದಾರಿಯು ಉಸಿರುಕಟ್ಟುತ್ತದೆ. ಅದನ್ನು ಅಗಲಮಾಡಬೇಕೆಂದು ಮರಗಳನ್ನು ಕಡಿಯುತ್ತೇವೆ, ಮೇಲುಸೇತುವೆಗಳನ್ನು ಕಟ್ಟುತ್ತೇವೆ. ಆದರೆ ನೂರು ಕೊಂಬೆಗಳ ಭಾರವನ್ನೂ ಒಂದೇ ಬುಡದ ಮೇಲೆ ಹೇರಿರುವ ತನಕ ಬುಡವು ಎಷ್ಟು ದಪ್ಪವಾದರೂ ಸಾಲದು. ಬಸ್ಸಿನ ವಿಷಯವೂ ಹೀಗೆಯೇ. ಒಂದು ಕಡೆಯಿಂದ ಒಳಗೆ ಹೋಗಿ ಮತ್ತೊಂದು ಕಡೆಯಿಂದ ಹೊರಗೆ ಬರುವಂತಿಲ್ಲದ ಬಡಾವಣೆಗೆ ಬಸ್ಸು ಬರಲಾರದು.

ವಿಪತ್ತಿನ ಕಾಲದಲ್ಲಿ ಇದರ ಬೆಲೆಯು ಇನ್ನೂ ಹೆಚ್ಚು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಮತ್ತು ಆಗ್ನೇಯ ಭಾಗಗಳಲ್ಲಿ ಭಾರಿಯ ಮಳೆ ಸುರಿದು ಕೆರೆಗಳು ಕೋಡಿಬಿದ್ದಾಗ, ಬೆಲೆಬಾಳುವ ಬಂಗಲೆಗಳಲ್ಲಿದ್ದವರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರಗೆ ತರಬೇಕಾಯಿತು. ಕೆರೆಯ ನೆಲವನ್ನೂ ಕಾಲುವೆಯ ದಾರಿಯನ್ನೂ ಒತ್ತಿಕೊಂಡದ್ದು ಅದಕ್ಕೆ ಮೊದಲ ಕಾರಣವೆಂಬುದು ನಿಜ. ಆದರೆ ಒಂದು ಬಾಯಿಯ ಬಡಾವಣೆಗೆ ಆ ಬಾಯಿಯೇ ನೀರಿನಲ್ಲಿ ಮುಳುಗಿದರೆ ಎರಡನೆಯ ಬಾಯಿಯಿಲ್ಲ. ಬೆಂಕಿಯ ಯಂತ್ರಕ್ಕೂ ರೋಗಿಯನ್ನೊಯ್ಯುವ ಗಾಡಿಗೂ ಇದೇ ಮಾತು. ಗೋಡೆಯನ್ನು ಕಟ್ಟುವಾಗ ಹೊರಗಿನವರನ್ನು ತಡೆಯುತ್ತೇವೆಂದುಕೊಳ್ಳುತ್ತೇವೆ. ನಮ್ಮನ್ನೇ ಒಳಗೆ ಇಟ್ಟುಕೊಂಡಿದ್ದೇವೆಂಬುದು ಇಂತಹ ದಿನ ತಿಳಿಯುತ್ತದೆ.

ಮುಚ್ಚಿದ ಬೀದಿಯನ್ನು ಬಯಸುವವರ ಪಕ್ಷದಲ್ಲಿ ಏನೂ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮಕ್ಕಳು ಬೀದಿಯಲ್ಲಿ ಆಡಬೇಕೆಂಬುದೂ, ರಾತ್ರಿ ಸದ್ದಿಲ್ಲದೆ ನಿದ್ರೆ ಬರಬೇಕೆಂಬುದೂ, ಕಳ್ಳಕಾಕರ ಭಯವಿರಬಾರದೆಂಬುದೂ ಸಹಜವಾದ ಕೋರಿಕೆಗಳು. ತಮ್ಮ ಮನೆಯ ಮುಂದಣ ಅಡ್ಡರಸ್ತೆಯನ್ನು ಹೆದ್ದಾರಿಯ ಗಾಡಿಗಳೆಲ್ಲ ಒಳದಾರಿಯನ್ನಾಗಿ ಮಾಡಿಕೊಂಡಾಗ ಯಾರಿಗೂ ಕೋಪ ಬರತಕ್ಕದ್ದೇ. ಆದರೆ ಈ ತೊಂದರೆಗಳೆಲ್ಲ ವೇಗದ ಗಾಡಿಯಿಂದ ಬರುವುವಲ್ಲದೆ ನಡೆಯುವ ಮನುಷ್ಯರಿಂದ ಬರುವುವಲ್ಲ. ಸ್ಪೇನ್ ದೇಶದ ಬಾರ್ಸಿಲೋನ ನಗರವು ಈ ಭೇದವನ್ನು ಚೆನ್ನಾಗಿ ತಿಳಿದುಕೊಂಡಿದೆ. ಇಲ್ಡಿಫಾನ್ಸ್ ಸೆರ್ಡಾ ಎಂಬ ಎಂಜಿನಿಯರು 1859ರಲ್ಲಿ ಅಲ್ಲಿಗೆ ಹಾಕಿಕೊಟ್ಟ ಚೌಕುಳಿಯ ಬಡಾವಣೆಯು, ಪ್ರತಿಯೊಂದು ಚೌಕವೂ ಸುಮಾರು 113 ಮೀಟರು, ಮೂಲೆಗಳನ್ನು ಓರೆಯಾಗಿ ಕತ್ತರಿಸಿರುವಂತಹದು, ಇಂದಿಗೂ ಹಾಗೆಯೇ ಇದೆ. ಗಾಡಿಗಳ ಕಾಟ ಮಿತಿಮೀರಿದಾಗ ಅವರು ಬೀದಿಗಳಿಗೆ ಗೋಡೆ ಹಾಕಲಿಲ್ಲ. 2016ರಿಂದ ಕೆಲವು ಕಡೆ ಒಂಬತ್ತು ಚೌಕಗಳನ್ನು ಒಂದು ಗುಂಪಾಗಿ ಮಾಡಿ, ಒಳಬೀದಿಗಳಲ್ಲಿ ಗಾಡಿಯು ನಿಧಾನವಾಗಿ ಬಂದು ತಿರುಗಿ ಹೊರಗೆ ಹೋಗುವಂತೆಯೂ, ನಡೆಯುವವರು ಮಾತ್ರ ನೇರವಾಗಿ ಹಾಯ್ದು ಹೋಗುವಂತೆಯೂ ಏರ್ಪಡಿಸಿದರು. ರ್‍ಯಾಡ್‌ಬರ್ನಿನವರ ಪೂರ್ತಿಯಾದ ಆಲೋಚನೆಯು ಇಲ್ಲಿ ಬೇರೊಂದು ರೂಪದಲ್ಲಿ ಫಲಿಸಿತು. ಬಲೆಯ ಊರನ್ನು ಬೇಕೆಂದಾಗ ಶಾಂತವಾಗಿ ಮಾಡಬಹುದು. ಮರದ ಊರನ್ನು ಬೇಕೆಂದಾಗ ಬಲೆಯಾಗಿ ಮಾಡುವುದು ಅತ್ಯಂತ ಕಷ್ಟ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಇನ್ನೂ ಹೊಲವಾಗಿಯೇ ಇರುವ ಕಡೆಗಳಲ್ಲಿ ಮನೆಗಳಿಗಿಂತ ಮುಂಚೆ ಬೀದಿಯ ಗೆರೆಗಳು ಬೀಳಬೇಕು. ನೀರು ಬಿಡುವುದಕ್ಕೆ ಮೊದಲು ರೈತನು ಕಾಲುವೆಯನ್ನು ತೆಗೆಯುವುದಿಲ್ಲವೇ? ಸಣ್ಣ ಓಣಿಗಳನ್ನು ಒಬ್ಬೊಬ್ಬ ಒಡೆಯನು ಹೇಗೆ ಬೇಕಾದರೂ ಹಾಕಿಕೊಳ್ಳಲಿ. ಅರ್ಧ ಮೈಲಿಗೊಂದರಂತೆ ಊರಿಂದೂರಿಗೆ ಹಾಯುವ ಬೀದಿಗಳ ಜಾಗವನ್ನು ಮಾತ್ರ ಮೊದಲೇ ಗುರುತುಮಾಡಿ ಕಾಯ್ದಿಡಬೇಕು. ಎರಡನೆಯದಾಗಿ, ಪಕ್ಕಪಕ್ಕದ ಹೊಲಗಳ ಒಡೆಯರನ್ನು ಒಟ್ಟಿಗೆ ಸೇರಿಸುವ ಪದ್ಧತಿಯೊಂದು ಬೇಕು. ಮುಂಬಯಿ ಪ್ರಾಂತ್ಯದಲ್ಲಿ 1915ರಲ್ಲಿಯೇ ನಗರಯೋಜನೆಯ ಕಾನೂನು ಆಯಿತು. ಅದರ ಪರಂಪರೆಯಲ್ಲಿ ಗುಜರಾತಿನ ಅಹಮದಾಬಾದು ನಗರವು ಇಂದಿಗೂ ನಡೆಯುತ್ತಿದೆ. ನೂರಾರು ಒಡೆಯರ ಹೊಲಗಳನ್ನು ಕಾಗದದ ಮೇಲೆ ಒಂದಾಗಿ ಕೂಡಿಸಿ, ಬೀದಿ, ಶಾಲೆ, ಉದ್ಯಾನಗಳಿಗೆ ಬೇಕಾದ ಪಾಲನ್ನು ಎಲ್ಲರಿಂದಲೂ ಸಮನಾಗಿ ತೆಗೆದು, ಉಳಿದುದನ್ನು ಬೀದಿಗೆ ಮುಖವಾಗಿ ಚೊಕ್ಕಟವಾಗಿ ಕತ್ತರಿಸಿ ಅವರವರಿಗೆ ಹಿಂದಕ್ಕೆ ಕೊಡುತ್ತಾರೆ. ಹೊಲವು ಸ್ವಲ್ಪ ಕಿರಿದಾಗುತ್ತದೆ, ಆದರೆ ಬೆಲೆಯು ಹಿರಿದಾಗುತ್ತದೆ. 76 ಕಿಲೋಮೀಟರು ಉದ್ದದ ತಮ್ಮ ಹೊರವರ್ತುಲದ ರಸ್ತೆಗೆ ಬೇಕಾದ ನೆಲದ ಬಹುಭಾಗವನ್ನು ಅವರು ಇದೇ ಮಾರ್ಗದಿಂದ ಪಡೆದರು. ಜಪಾನಿನವರೂ 1923ರ ಭೂಕಂಪದ ತರುವಾಯ ಟೋಕಿಯೋ ನಗರದ ಸುಟ್ಟುಹೋದ ಭಾಗಗಳನ್ನು ಇಂತಹ ಕ್ರಮದಿಂದಲೇ ಪುನಃ ಕಟ್ಟಿದರು.

ಮೂರನೆಯದಾಗಿ, ಈಗಾಗಲೇ ಮುಚ್ಚಿಹೋಗಿರುವ ಬಡಾವಣೆಗಳಲ್ಲಿ ಎಲ್ಲವನ್ನೂ ಕೆಡವಬೇಕೆಂಬ ಮಾತು ವ್ಯರ್ಥ. ಅಲ್ಲಿ ಬೇಕಾದದ್ದು ಅಗಲವಾದ ರಸ್ತೆಯಲ್ಲ. ಎರಡು ಮಾರು ಅಗಲದ ಒಂದು ಕಾಲುದಾರಿ. ಎರಡು ಬೀದಿಗಳ ತುದಿಗಳ ನಡುವೆ ಗೋಡೆಯೊಂದಿದ್ದರೆ, ಅದರಲ್ಲಿ ಮನುಷ್ಯರೂ ಸೈಕಲ್ಲೂ ಹೋಗುವಷ್ಟು ಬಾಗಿಲೊಂದನ್ನು ತೆರೆದು, ದೀಪವೊಂದನ್ನು ಇಟ್ಟರೆ ಸಾಕು. ಯಾವ ಮೇಲುಸೇತುವೆಗಿಂತಲೂ ಇದು ಅಗ್ಗ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಪಡೆಯುವಾಗ ಅದರ ರಸ್ತೆಗಳನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಿಕೊಡುವ ಕ್ರಮವಿದೆ. ಹಾಗೆ ಒಪ್ಪಿಸಿದ ರಸ್ತೆಯು ಎಲ್ಲರದು. ಅದರ ಬಾಯಿಗೆ ಬಾಗಿಲಿಟ್ಟು ಬೀಗ ಹಾಕುವ ಅಧಿಕಾರವು ಅಲ್ಲಿಯ ನಿವಾಸಿಗಳಿಗಿಲ್ಲ. ಇದನ್ನು ಪಾಲಿಕೆಯವರು ನೆನಪಿಸುವುದಕ್ಕಿಂತ ಮುಂಚೆ ನಿವಾಸಿಗಳೇ ನೆನೆದುಕೊಂಡರೆ ಅವರಿಗೆ ಗೌರವ.

ದಾರಿಗೆ ಮರ ನೆಡುವುದು, ಅರವಟ್ಟಿಗೆ ಇಡುವುದು, ಹೊರೆ ಇಳುಕುವುದಕ್ಕೆ ಕಲ್ಲು ನಿಲ್ಲಿಸುವುದು, ಇವುಗಳನ್ನು ನಮ್ಮ ಹಿರಿಯರು ಧರ್ಮವೆಂದು ಎಣಿಸಿದ್ದರು. ಗುರುತಿಲ್ಲದ ದಾರಿಗರಿಗೆ ಮಾಡಿದ ಉಪಕಾರವೇ ದೊಡ್ಡದೆಂಬುದು ಅವರ ಭಾವನೆ. ನೂರು ನಿವೇಶನಗಳ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತ ಎಂಜಿನಿಯರಿಗೂ, ಅದಕ್ಕೆ ರುಜು ಹಾಕುವ ಅಧಿಕಾರಿಗೂ, ಅಲ್ಲಿ ನಿವೇಶನ ಕೊಳ್ಳಲು ಹೋದ ಗೃಹಸ್ಥರಿಗೂ ಆ ಧರ್ಮವು ಇಂದು ಒಂದು ಸಣ್ಣ ಪ್ರಶ್ನೆಯ ರೂಪದಲ್ಲಿ ಎದುರಾಗುತ್ತದೆ: ಈ ಬೀದಿಯು ಪಕ್ಕದವರ ಬೀದಿಯನ್ನು ಎಲ್ಲಿ ಕೂಡುತ್ತದೆ? ನಿವೇಶನದ ಉದ್ದಗಲವನ್ನು ಕೇಳುವವರು, ನೀರಿದೆಯೇ ಎಂದು ಕೇಳುವವರು, ವಾಸ್ತುವನ್ನು ಕೇಳುವವರು ಇದನ್ನೂ ಒಂದು ಮಾತು ಕೇಳುವ ಅಭ್ಯಾಸವಾದರೆ, ಮಾರುವವರು ಉತ್ತರವನ್ನು ಸಿದ್ಧಪಡಿಸಿಕೊಂಡೇ ಬರುತ್ತಾರೆ. ಕೇಳುವವರಿಲ್ಲದಿದ್ದರೆ ಬದುವಿನ ಮೇಲೆ ಇನ್ನೊಂದು ಗೋಡೆ ಏಳುತ್ತದೆ, ಮತ್ತು ನಮ್ಮ ಮೊಮ್ಮಕ್ಕಳು ಅದನ್ನು ಸುತ್ತಿಕೊಂಡು ಹೋಗುತ್ತಾರೆ.